ಹುಲ್ಲಿನ ಜಿಂಕೆ ಬೀಳುವತನಕ ಊಟವಿಲ್ಲ

ವರ್ಷಕ್ಕೆ ಒಂದೇ ಸಲ ಮಾಡುವ ಕೆಲಸದಲ್ಲಿ ಪ್ರತಿ ಸಲವೂ ಹೊಸದೊಂದು ಎಡವಟ್ಟು ಮಾಡುವುದು ಸುಲಭವಲ್ಲ. ನಮ್ಮ ಮನೆಯ ಗಂಡಸರು ಅದನ್ನು ತಪ್ಪದೆ ನಡೆಸಿಕೊಂಡು ಬಂದಿದ್ದಾರೆ.

ನನ್ನನ್ನು ಕೊಟ್ಟಿರುವುದು ಲಿಂಗದಹಳ್ಳಿ ಹತ್ತಿರದ ಒಂದು ಊರಿಗೆ. ಬೇಟೆಗಾರರ ವಂಶ. ನಮ್ಮ ಮಾವನ ತಾತ ಬಿದಿರಿನ ಬಿಲ್ಲು ಹಿಡಿದು ಕಾಡಿಗೆ ಹೋದರೆ ಜಿಂಕೆ ಹೊತ್ತುಕೊಂಡೇ ಬರುತ್ತಿದ್ದರಂತೆ. ಈಗ ಜಿಂಕೆ ಮುಟ್ಟಿದರೆ ಜೈಲು. ಆದರೆ ಶಾಸ್ತ್ರ ಬಿಡುವುದುಂಟೇ? ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಹುಲ್ಲಿನ ಜಿಂಕೆ ಕಟ್ಟಿ ಕಣದಲ್ಲಿ ನಿಲ್ಲಿಸಿ ಅದೇ ತಾತನ ಬಿಲ್ಲಿನಿಂದ ಹೊಡೆಯಬೇಕು. ಜಿಂಕೆಗೆ ಬಾಣ ನಾಟುವತನಕ ಮಾಂಸದ ಪಾತ್ರೆ ಒಲೆ ಏರುವಂತಿಲ್ಲ, ಮನೆಯವರು ಯಾರೂ ಊರ ಗಡಿ ದಾಟುವಂತಿಲ್ಲ. ನಾಟಲೇ ಇಲ್ಲವೆಂದರೆ ದೀಪ ಹಚ್ಚುವ ಹೊತ್ತಿಗೆ ಮಾವ ಬಿಲ್ಲಿಗೆ ಕೈಮುಗಿದು, "ಈ ವರ್ಷಕ್ಕೆ ಸಾಕು" ಅನ್ನುತ್ತಾರೆ. ಆಮೇಲೆ ಅಡುಗೆ.

ನನಗೆ ಬೇಕಾದದ್ದು ಒಂದೇ: ಮಧ್ಯಾಹ್ನ ಎರಡೂವರೆಯ ತರೀಕೆರೆ ಬಸ್ಸು. ಅದು ಸಿಕ್ಕರೆ ಅಲ್ಲಿಂದ ಅಜ್ಜಂಪುರದ ಬಸ್ಸು, ಸಂಜೆಗೆ ತವರು, ಅವ್ವನ ಕೈಯ ಹೊಸತೊಡಕಿನ ಊಟ. ಮಗಳು ಹುಟ್ಟಿದ ಮೇಲೆ ಐದು ಹೊಸತೊಡಕು ಬಂದಿವೆ. ನಾಲ್ಕರಲ್ಲಿ ಆ ಬಸ್ಸು ನನ್ನನ್ನು ಬಿಟ್ಟು ಹೋಯಿತು. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಜೋಲಿಯ ಕೋಲು

ಮಗಳಿಗೆ ಆಗ ನಾಲ್ಕು ತಿಂಗಳು. ಸೀರೆಯ ಜೋಲಿ ಕಟ್ಟಿದ್ದೆ. ಅದರ ಬಾಯಿ ಮುಚ್ಚಿಕೊಳ್ಳದ ಹಾಗೆ ಅಡ್ಡ ಕೊಡಲು ಒಂದು ಕೋಲು ಬೇಕಿತ್ತು. ಅಟ್ಟದ ಮೇಲೆ ಹಳೇ ಪಂಚೆಯಲ್ಲಿ ಸುತ್ತಿದ್ದ ಒಂದು ಕೋಲು ಸಿಕ್ಕಿತು. ಹರಳೆಣ್ಣೆ ಹಚ್ಚಿ ನುಣ್ಣಗಿತ್ತು, ಮಗುವಿಗೆ ಚುಚ್ಚುವುದಿಲ್ಲ. ಸಿಕ್ಕಿಸಿದೆ.

ಹೊಸತೊಡಕಿನ ಬೆಳಿಗ್ಗೆ ನೋಡಿದರೆ ಬಿಲ್ಲು ಇಲ್ಲ. ಕೊಟ್ಟಿಗೆ ಹುಡುಕಿದರು, ಹುಲ್ಲಿನ ಬಣವೆ ಕೆದಕಿದರು. ನಾನೂ ಪಾಪ ಅಂತ ಹಿತ್ತಿಲಲ್ಲಿ ಹುಡುಕಿದೆ. ಮಧ್ಯಾಹ್ನ ಮಾವ ಸೋತು ಮೊಮ್ಮಗಳ ಮುಖ ನೋಡಲು ಬಂದರು. ಬಂದವರು ಅಲ್ಲೇ ನಿಂತರು.

"ಏನಮ್ಮಾ ಇದು?"

"ಕೋಲು, ಮಾವ."

"ನಮ್ಮ ತಾತನ ಬಿಲ್ಲು ಕಣಮ್ಮಾ ಇದು!"

ದಾರ ಬಿಚ್ಚಿಟ್ಟರೆ ಬಿಲ್ಲೂ ಕೋಲೇ ಅಂತ ನನಗೇನು ಗೊತ್ತು! ಎಳೆದು ತೆಗೆದರು. ಜೋಲಿಯ ಬಾಯಿ ಮುಚ್ಚಿತು, ಮಗು ಎದ್ದು ಊರು ಕೇಳುವ ಹಾಗೆ ಅತ್ತಿತು. ವಾಪಸ್ ಸಿಕ್ಕಿಸಿದರೆ ಸುಮ್ಮನೆ. ತೆಗೆದರೆ ಅಳು. ಕೊನೆಗೆ ಮಾವ ಕೈಯಲ್ಲಿ ಬಾಣ ಹಿಡಿದುಕೊಂಡು ಜೋಲಿಯ ಪಕ್ಕ ಕೂತರು. ಮಗು ಐದು ಗಂಟೆಯತನಕ ಮಲಗಿತು.

ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು: "ನಿಮ್ಮ ತಾತನ ಬಿಲ್ಲಿಂದ ಈ ಮನೆಗೊಂದು ಉಪಯೋಗ ಅಂತ ಆಗಿದ್ದು ಇವತ್ತೇ ಕಣ್ರೀ."

ಮೊಬೈಲಿನಲ್ಲಿ ಕಲಿತ ವಿದ್ಯೆ

ಮಾರನೇ ವರ್ಷ ನನ್ನ ಮೈದುನ ಮೊಬೈಲ್ ನೋಡಿ ಬಿಲ್ಲು ಹೊಡೆಯುವುದನ್ನು ಕಲಿತಿದ್ದ. ಹದಿನೈದು ದಿನದಿಂದ ಊಟದ ತಟ್ಟೆಯನ್ನೂ ಒಂದು ಕಣ್ಣು ಮುಚ್ಚಿಯೇ ನೋಡುತ್ತಿದ್ದ.

"ಅತ್ತಿಗೆ, ಈ ಸಲ ಒಂದೇ ಬಾಣ. ನೀವು ಬ್ಯಾಗ್ ಕಟ್ಕಳಿ" ಅಂದ. ನಂಬಿ ಕಟ್ಟಿದೆ.

ಕಾಲು ಅಗಲಿಸಿ ನಿಂತ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡಲು ಒಂದು ಹಿಡಿ ಮಣ್ಣು ತೂರಿದ. ಮಣ್ಣು ನೇರ ಅವನ ಕಣ್ಣಿಗೇ ಬಂತು. ಕಣ್ಣು ಉಜ್ಜಿಕೊಳ್ಳುತ್ತಲೇ ಬಾಣ ಬಿಟ್ಟ. ಅದು ಜಿಂಕೆಯ ಮೇಲಿಂದ ಹಾರಿ, ಬೇಲಿ ದಾಟಿ, ಪಕ್ಕದ ಮನೆಯ ಅಂಗಳಕ್ಕೆ ಇಳಿಯಿತು. ಆ ಕಡೆಯಿಂದ ಒಂದು ಸದ್ದೂ ಇಲ್ಲ. ನಾವೆಲ್ಲ ಬೇಲಿಯತ್ತ ಕತ್ತು ಚಾಚಿದೆವು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ದೊಡ್ಡಮ್ಮ ಬಾಣ ಹಿಡಿದುಕೊಂಡೇ ಬಂದರು. ಬಾಣದ ತುದಿಯಲ್ಲಿ ಅರ್ಧ ಒಣಗಿದ ಒಂದು ಹಪ್ಪಳ.

"ಸರಿಯಾಗಿ ಮಧ್ಯಕ್ಕೇ ಹೊಡ್ದವ್ನೆ. ಯಾರಪ್ಪಾ ಅವನು?"

ಮಾವನ ಮುಖ ಅರಳಿತು. "ನೋಡಿದ್ರಾ, ಗುರಿ ಐತೆ ಹುಡುಗಂಗೆ!"

"ಹಂಗಾದ್ರೆ ಒಂದು ಕೆಲ್ಸ ಮಾಡಿ" ಅಂದರು ದೊಡ್ಡಮ್ಮ. "ಜಿಂಕೆನ ನನ್ನ ಅಂಗಳದಾಗೆ ನಿಲ್ಸಿ, ಹಪ್ಪಳಾನ ನಾನು ನಿಮ್ಮ ಕಣದಾಗೆ ಒಣಗಾಕ್ತೀನಿ."

ಯಾವ ದಾರ

ಮೂರನೇ ವರ್ಷ ನನ್ನ ಗಂಡನ ಸರದಿ. ಇವರು ಚರ್ಚೆ ಮಾಡದೆ ಚಪ್ಪಲಿಯನ್ನೂ ಹಾಕುವವರಲ್ಲ. ಬಿಲ್ಲಿನ ಹಳೇ ದಾರವನ್ನು ಇಲಿ ಕಡಿದಿತ್ತು.

"ನೈಲಾನ್ ಕಟ್ಟಾನ" ಅಂದರು ಇವರು.

"ತಾತ ಪುಂಡಿ ನಾರು ಕಟ್ತಿದ್ರು" ಅಂದರು ಮಾವ.

"ತಾತನ ಕಾಲದಾಗೆ ನೈಲಾನ್ ಇತ್ತೇನಪ್ಪಾ?"

"ಇದ್ದಿದ್ರೂ ಕಟ್ತಿರ್ಲಿಲ್ಲ ಕಣಲೇ!"

ಒಂದೂವರೆ ಗಂಟೆ ಹೀಗೇ ನಡೆಯಿತು. ಅಷ್ಟರಲ್ಲಿ ನಮ್ಮ ಎಮ್ಮೆ ಹಗ್ಗ ಬಿಚ್ಚಿಕೊಂಡು ಕಣಕ್ಕೆ ಬಂದಿತ್ತು. ದಾರ ಕಟ್ಟಿ ಇಬ್ಬರೂ ತಿರುಗಿ ನೋಡಿದರೆ ಕಾಲಿಗೆ ನೆಟ್ಟಿದ್ದ ನಾಲ್ಕು ಗೂಟ, ನೆಲದ ಮೇಲೆ ಕೊಂಬಿಗೆ ಕಟ್ಟಿದ್ದ ಎರಡು ಒಣಕಡ್ಡಿ.

"ಜಿಂಕೆ ಎಲ್ಲಮ್ಮಾ?" ಅಂತ ಮಾವ ನನ್ನನ್ನೇ ಕೇಳಿದರು.

"ಇಲ್ಲೇ ಐತೆ ಮಾವ. ಎಮ್ಮೆ ಹೊಟ್ಟೆಯಾಗೆ."

ಸಂಜೆ ಎಮ್ಮೆ ದಿನಕ್ಕಿಂತ ಒಂದು ಚೊಂಬು ಹಾಲು ಹೆಚ್ಚಿಗೆ ಕೊಟ್ಟಿತು. ಜಿಂಕೆ ಬೇಟೆಗೆ ಹೊರಟು ಹಾಲು ತಂದ ವಂಶ ಈ ತಾಲ್ಲೂಕಿನಲ್ಲಿ ನಮ್ಮದೊಂದೇ ಇರಬೇಕು.

ಎಲ್ಲರೂ ಬನ್ನಿ

ನಾಲ್ಕನೇ ವರ್ಷ ಬೆಳಿಗ್ಗೆ ನನ್ನ ಗಂಡ ಮೊಬೈಲಿನಲ್ಲಿ ಸ್ಟೇಟಸ್ ಹಾಕಿದರು: "ಇವತ್ತು ನಮ್ಮನೇಲಿ ಜಿಂಕೆ ಬೇಟೆ. ಎಲ್ಲರೂ ಊಟಕ್ಕೆ ಬನ್ನಿ."

ಮೊದಲು ಬಂದದ್ದು ಅರಣ್ಯ ಇಲಾಖೆಯ ಜೀಪು.

ಅದರಿಂದ ಒಬ್ಬ ಗಾರ್ಡು ಇಳಿದ. "ಜಿಂಕೆ ಎಲ್ಲಿ?" ಅಂದ. ಕಣಕ್ಕೆ ಕರೆದುಕೊಂಡು ಹೋಗಿ ತೋರಿಸಿದೆವು. ಅದರ ಸುತ್ತ ಎರಡು ಸುತ್ತು ಬಂದ.

"ಇದು ಜಿಂಕೆನಾ? ಕತ್ತೆ ಇದ್ದಂಗೈತಲ್ರೀ?"

ಮಾವನಿಗೆ ಅವಮಾನವಾಯಿತು. ಜೈಲಿಗೆ ಹೋದರೂ ಸರಿ, ಅದು ಕತ್ತೆಯಲ್ಲ ಅಂತ ವಾದಕ್ಕೇ ನಿಂತರು. ಅತ್ತೆ ಒಳಗಿನಿಂದ ಕೂಗಿದರು: "ಕತ್ತೆ ಅಂತಲೇ ಬರ್ಕಳಿ ಸಾರ್, ನಮಗೆ ಒಲೆ ಹಚ್ಚಾಕೆ ಹೊತ್ತಾಯ್ತು!"

ಗಾರ್ಡು ನಕ್ಕು ಹೊರಟಿದ್ದರೆ ನನ್ನ ಬಸ್ಸು ಸಿಗುತ್ತಿತ್ತೇನೋ. ಹೊರಡಲಿಲ್ಲ. "ಎಲ್ಲಿ, ನಾನೊಂದು ಹೊಡೀಲಾ?" ಅಂದ. ಒಂದಲ್ಲ, ಆರು ಹೊಡೆದ. ಆರೂ ಮಣ್ಣಿಗೆ. ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು, ದೂರ ಹೋಯಿತು.

"ಸಾರ್" ಅಂದೆ, "ಜಿಂಕೆ ಕಾಪಾಡಾಕೆ ನೀವು ಬರ್ಬೇಕಿತ್ತಾ? ಇಷ್ಟು ವರ್ಷದಿಂದ ನಮ್ಮನೆಯೋರೇ ಕಾಪಾಡ್ತಾ ಅವ್ರಲ್ಲ!"

ಒಂದೇ ಏಟು

ಈ ವರ್ಷ ಬೆಳಿಗ್ಗೆಯೇ ಅವ್ವ ಫೋನ್ ಮಾಡಿದಳು. "ಈ ಸಲಾನೂ ಪಾತ್ರೆ ತೊಳಿಯೋ ಹೊತ್ತಿಗೆ ಬತ್ತೀಯೇನೇ?"

"ಇಲ್ಲ ಕಣವ್ವ, ಊಟಕ್ಕೇ ಬತ್ತೀನಿ" ಅಂದುಬಿಟ್ಟೆ. ಯಾವ ಧೈರ್ಯದ ಮೇಲೆ ಅಂದೆನೋ ಗೊತ್ತಿಲ್ಲ.

ಒಂದು ಗಂಟೆಗೆ ಮಾವ ನಾಲ್ಕು ಬಾಣ ಬಿಟ್ಟಿದ್ದರು, ನನ್ನ ಗಂಡ ಐದು, ಮೈದುನ ಏಳು. ಎಲ್ಲವೂ ಜಿಂಕೆಯ ಸುತ್ತ ನೆಲದಲ್ಲಿ ನೆಟ್ಟಗೆ ನಿಂತಿದ್ದವು. ಜಿಂಕೆ ಮಾತ್ರ ಹಾಯಾಗಿತ್ತು. ನನ್ನ ಮಗಳು ತುಂಬ ಹೊತ್ತು ನೋಡಿ ಕೇಳಿದಳು: "ತಾತಾ, ಜಿಂಕೆಗೆ ಬೇಲಿ ಹಾಕ್ತಿದ್ದೀಯಾ?"

ಒಳಗೆ ರುಬ್ಬಿದ ಮಸಾಲೆ ಒಣಗುತ್ತಿತ್ತು. ಬಾಗಿಲ ಪಕ್ಕ ನನ್ನ ಬ್ಯಾಗು ಕೂತಿತ್ತು. ನಾನು ಗಡಿಯಾರ ನೋಡಿದೆ. ಅತ್ತೆ ನಾನು ಗಡಿಯಾರ ನೋಡುವುದನ್ನು ನೋಡಿದರು.

ಸೆರಗು ಸಿಕ್ಕಿಸಿಕೊಂಡು ಕಣಕ್ಕೆ ಇಳಿದರು. ನೆಲದಲ್ಲಿ ನಿಂತಿದ್ದ ಒಂದು ಬಾಣ ಕಿತ್ತರು. ನೇರ ಜಿಂಕೆಯ ಹತ್ತಿರ ನಡೆದು, ಬದನೆಕಾಯಿಗೆ ಚಾಕು ಹಾಕುವ ಹಾಗೆ ಅದರ ಹೊಟ್ಟೆಗೆ ಚುಚ್ಚಿದರು. ಜಿಂಕೆ ಒಂದು ಕಡೆಗೆ ವಾಲಿ ಬಿತ್ತು.

"ಬಿತ್ತು. ಒಲೆ ಹಚ್ಚೇ" ಅಂದರು ನನಗೆ.

ಮಾವ ಬಾಯಿ ಬಿಟ್ಟುಕೊಂಡು ನಿಂತಿದ್ದರು. "ಲೇ, ದೂರದಿಂದ ಹೊಡೀಬೇಕು ಕಣೇ!"

"ನಿಜವಾದ ಜಿಂಕೆ ಓಡಿಹೋಗ್ತಿತ್ತು, ಅದ್ಕೆ ನಿಮ್ಮ ತಾತ ದೂರದಿಂದ ಹೊಡೀತಿದ್ರು. ಇದು ಎಲ್ಲಿಗೆ ಓಡ್ತದೆ?"

ಮಾವ ಜಿಂಕೆಯನ್ನು ನೋಡಿದರು, ಬಿಲ್ಲನ್ನು ನೋಡಿದರು. ಇಷ್ಟು ವರ್ಷ ಇದು ಯಾಕೆ ಹೊಳೆಯಲಿಲ್ಲ ಅನ್ನುವ ಹಾಗಿತ್ತು ಅವರ ಮುಖ. ಕೊನೆಗೆ ಹಸಿವೇ ಗೆದ್ದಿತು. ಕುಂಕುಮ ತಂದು ಅತ್ತೆಯ ಹಣೆಗೆ ಇಟ್ಟರು. ನಾನು ಪಾತ್ರೆಯನ್ನು ಒಲೆಗೆ ಏರಿಸಿ, ಉಳಿದದ್ದನ್ನು ಮೈದುನನಿಗೆ ಒಪ್ಪಿಸಿ, ಮಗಳನ್ನು ಎಳೆದುಕೊಂಡು ಓಡಿದೆ. ಬಸ್ಸು ಸಿಕ್ಕಿತು. ಸೀಟೂ ಸಿಕ್ಕಿತು.

ಅಜ್ಜಂಪುರದಲ್ಲಿ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಕೂರಿಸಿ, ಬಿಸಿ ಮುದ್ದೆ ಇಟ್ಟು, ಸಾರು ಬಿಟ್ಟಳು.

"ನಿಮ್ಮ ಮಾವ ಫೋನ್ ಮಾಡಿದ್ರು ಕಣೇ" ಅಂದಳು. "ಇಪ್ಪತ್ತು ಮಾರು ದೂರದಿಂದ ನಿಮ್ಮತ್ತೆ ಒಂದೇ ಏಟಿಗೆ ಕೆಡವಿದ್ರಂತೆ?"

ನಾನು ತುತ್ತು ಬಾಯಿಗಿಟ್ಟುಕೊಂಡೆ. ಐದು ವರ್ಷ ಕಾದ ತುತ್ತು, ಅದನ್ನು ಬಿಟ್ಟು ನಿಜ ಹೇಳಲು ಮನಸ್ಸಾಗಲಿಲ್ಲ. ಹೂಂ ಅಂತ ತಲೆ ಆಡಿಸಿದೆ.

ಅವ್ವ ಇನ್ನೊಂದು ಸೌಟು ಬಿಡುತ್ತಾ ಹೇಳಿದಳು: "ಮೂವತ್ತು ವರ್ಷ ಕೂರಿಸ್ಕೊಂಡು ಗುರಿ ಹೇಳ್ಕೊಟ್ಟಿದ್ದು ನಿಮ್ಮ ಮಾವನೇ ಅಂತೆ."