ಶಟರ್ ಎತ್ತಲು ಸರಿಯಾದ ಕಾರಣ

ಭಾವಮೈದುನ: ಎತ್ತೋಣ ಅಂದ್ರೆ ಎತ್ತಬೇಕು ಭಾವ. ಯಾಕೆ ಎತ್ತುತ್ತೀಯ ಅಂತ ಯಾರಾದ್ರೂ ವಿಚಾರಣೆ ಮಾಡ್ತಾರಾ?

ಭಾವ: ನಾನು ಮಾಡ್ತೀನಿ. ಯಾಕೆ ಅಂತ ಕೇಳೋ ಅಭ್ಯಾಸ ನಿಮ್ಮ ಸ್ವಾತಂತ್ರ್ಯವಾದಿಗಳಿಗೆ ಇಲ್ಲ. ನಾನು ವಸ್ತುನಿಷ್ಠವಾದಿ, ಪ್ರತಿಯೊಂದಕ್ಕೂ ವಿವೇಚನೆಯ ಕಾರಣ ಬೇಕು ಅನ್ನೋನು.

ಒಂದೇ ಮಳಿಗೆಯಲ್ಲಿ ಭಾವನ ಗಡಿಯಾರ ರಿಪೇರಿ, ಭಾವಮೈದುನನ ಹೊಲಿಗೆ. ಹೊರಗೆ ರಸ್ತೆ ಅಗೆಯುವ ಧೂಳು ಬರುತ್ತದೆಂದು ಅರ್ಧ ಇಳಿಸಿದ ಶಟರ್ ಪೂರ್ತಿ ಜಾರಿ ಕಚ್ಚಿಕೊಂಡಿತ್ತು. ಎರಡು ಕಡೆಯಿಂದ ಇಬ್ಬರೂ ಒಟ್ಟಿಗೆ ಎತ್ತಿದರೆ ಮಾತ್ರ ಅದು ಏಳುವುದು. ಬೆಳಿಗ್ಗೆಯಿಂದ ಚಹಾದ ಮೇಲೆ ಚಹಾ ಕುಡಿದಿದ್ದ ಭಾವ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು.

ಭಾವಮೈದುನ: ಸರಿ, ನಿಮ್ಮ ಅವಸ್ಥೆ ನೋಡಿ ಪಾಪ ಅನ್ನಿಸ್ತಿದೆ. ಅದಕ್ಕೆ ಎತ್ತುತ್ತೀನಿ. ಸಾಕಾ?

ಭಾವ: (ಹಿಡಿದಿದ್ದ ಶಟರ್ ಬಿಟ್ಟು) ಅದೇ ತಪ್ಪು. ನನಗೋಸ್ಕರ ಯಾರೂ ತ್ಯಾಗ ಮಾಡಬಾರದು. ನಿನ್ನ ಸ್ವಂತ ಹಿತಕ್ಕೆ, ವಿವೇಚನೆಯಿಂದ ಎತ್ತು.

ಭಾವಮೈದುನ: ಯಾರೂ ಯಾರ ಮೇಲೂ ಬಲವಂತ ಮಾಡಬಾರದು, ನಮ್ಮದು ಅಷ್ಟೇ. ದೇವರಿಗೆ ಹೆದರಿ ಒಪ್ಪಿದ್ರೂ ಸರಿ, ಸೋಮಾರಿತನಕ್ಕೆ ಒಪ್ಪಿದ್ರೂ ಸರಿ. ಕೋಟು ಮೈಗೆ ಕೂತರೆ ಆಯ್ತು, ಯಾಕೆ ಹಾಕ್ಕೊಂಡೆ ಅಂತ ದರ್ಜಿ ಕೇಳಲ್ಲ.

ಭಾವ: ಮುಳ್ಳು ಸರಿಯಾದ ಜಾಗದಲ್ಲಿದ್ರೆ ಸಾಲದು, ಒಳಗಿನ ಚಕ್ರ ತಿರುಗ್ತಿರಬೇಕು. ಮೊದಲು ವಾಸ್ತವ. ಅದು ಯಾರ ಇಷ್ಟಕ್ಕೂ ಬಗ್ಗಲ್ಲ. ಆಮೇಲೆ ವಿವೇಚನೆ, ಆಮೇಲೆ ಸ್ವಹಿತ. ಅದೆಲ್ಲ ಆದ ಮೇಲೆ ಸ್ವಾತಂತ್ರ್ಯ. ನೀವು ನೆಲಮಹಡಿ ಕಟ್ಟದೇ ತಾರಸಿ ಮೇಲೆ ಕುರ್ಚಿ ಹಾಕ್ಕೊಂಡಿದ್ದೀರಿ.

ಭಾವಮೈದುನ: ಬಗ್ಗದೇ ಇರೋ ಆ ವಾಸ್ತವ ಈಗ ಎಲ್ಲಿಗೆ ಬಂದು ನಿಂತಿದೆ ಭಾವ?

ಭಾವ ಗೋಡೆಗೆ ಒರಗಿ, ಕಾಲಿಗೆ ಕಾಲು ಹೆಣೆದು, ಗೋಡೆಯ ಮೇಲಿನ ಗಡಿಯಾರಗಳನ್ನು ಒಂದೊಂದಾಗಿ ದಿಟ್ಟಿಸಿದರು.

ಭಾವಮೈದುನ: ಪಕ್ಕದಲ್ಲೇ ಅಗ್ನಿಶಾಮಕ ಠಾಣೆ ಇದೆ. ಫೋನ್ ಮಾಡ್ಲಾ?

ಭಾವ: ಬೇಡ. ಪೊಲೀಸು, ಕೋರ್ಟು, ಸೈನ್ಯ. ಸರ್ಕಾರದ ಕೆಲಸ ಇಷ್ಟೇ. ಶಟರ್ ಎತ್ತೋದು ಅದರಲ್ಲಿ ಬರಲ್ಲ.

ಭಾವಮೈದುನ: ಅಷ್ಟಾದ್ರೂ ಯಾಕೆ? ಪೊಲೀಸರನ್ನೂ ಗುತ್ತಿಗೆಗೆ ಕೊಡಿ ಅನ್ನೋರು ನಮ್ಮಲ್ಲಿದ್ದಾರೆ.

ಭಾವ: ಅದು ಅರಾಜಕತೆ. (ಹಲ್ಲು ಕಚ್ಚಿ) ಸುಮ್ನೆ ಎತ್ತೋ.

ಭಾವಮೈದುನ: (ಕೈ ಕಟ್ಟಿಕೊಂಡು) ಇದು ಬಲವಂತ. ಈಗ ಎತ್ತಲ್ಲ.

ಹೊರಗಿನಿಂದ ಯಾರೋ ಶಟರ್ ಬಡಿದರು. ಊಟದ ಡಬ್ಬಿ ತಂದಿದ್ದ ಭಾವನ ಹೆಂಡತಿ, ಎಂದರೆ ಭಾವಮೈದುನನ ಅಕ್ಕ.

ಅಕ್ಕ: ಏನ್ರೀ ಅದು ಒಳಗೆ ಭಾಷಣ? ನೀವು ಆ ಕಡೆ ಹಿಡೀರಿ. ಲೋ, ನೀನು ಈ ಕಡೆ. ಮೂರು ಅಂದಾಗ ಎತ್ತಿ. ಒಂದು, ಎರಡು...

ಎರಡಕ್ಕೇ ಶಟರ್ ಎದ್ದಿತು. ಅದು ಸೊಂಟದ ಮಟ್ಟಕ್ಕೆ ಬರುವಷ್ಟರಲ್ಲಿ ಭಾವ ಅಡಿಯಿಂದ ನುಸುಳಿ ಓಡಿಯಾಗಿತ್ತು.

ಅಕ್ಕ: ನಾನು ಹೇಳಿದ್ದು ಬಲವಂತ ಅನ್ನಿಸ್ಲಿಲ್ವೇನೋ?

ಭಾವಮೈದುನ: ನಿನ್ನ ಮಾತು ಬಲವಂತ ಅಲ್ಲ ಅಕ್ಕ, ಹವಾಮಾನ. ಅದರ ಮೇಲೆ ಯಾರು ತಕರಾರು ತೆಗೀತಾರೆ?

ಸ್ವಲ್ಪ ಹೊತ್ತಿಗೆ ಭಾವ ರಸ್ತೆಯಾಚೆಯ ನಗರಸಭೆ ಶೌಚಾಲಯದಿಂದ, ಪ್ರಪಂಚದ ಮೇಲೆ ಯಾವ ದೂರೂ ಇಲ್ಲದ ಮುಖ ಹೊತ್ತು ಬಂದರು.

ಭಾವಮೈದುನ: ತೆರಿಗೆ ದುಡ್ಡಲ್ಲಿ ಕಟ್ಟಿದ್ದಲ್ವಾ ಭಾವ ಅದು?

ಭಾವ: (ಗಂಭೀರವಾಗಿ) ನನ್ನಿಂದ ಕಿತ್ಕೊಂಡಿದ್ರಲ್ಲಿ ನನ್ನ ಪಾಲು ವಾಪಸ್ ತಗೊಂಡು ಬಂದೆ, ಅಷ್ಟೆ.

ಅಕ್ಕ: ತಗೊಂಡು ಬಂದ್ರೋ, ಕೊಟ್ಟು ಬಂದ್ರೋ?