ನಿಂತ ಸ್ಕ್ರೂ, ಮಲಗಿದ ಸ್ಕ್ರೂ

ವಾಲ್ದೆಮಾರ್‌ಗೆ ಒಂದು ಸ್ಕ್ರೂ ಲೂಸು ಎಂದು ಕಾರ್ಮೆಲೊ ಪಟ್ಟಣದವರು ಬಹಳ ವರ್ಷಗಳಿಂದ ಹೇಳುತ್ತಿದ್ದರು. ಅವನು ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಆ ಶನಿವಾರ ಬೆಳಿಗ್ಗೆ ಕಾಣೆಯಾಗಿದ್ದು ತಲೆಯದಲ್ಲ, ಕಾರಿನದು. ಹಾಗಾಗಿ ಅವನು ಶೆಡ್ಡಿನಿಂದ ಅರಚಿಕೊಂಡು ಹೊರಗೆ ಬಂದ.

ಕಾರು ೧೯೨೯ರದು, ಅಜ್ಜ ಕೊಂಡದ್ದು. ಸ್ಟಿಯರಿಂಗಿನ ಮುಂದಿನ ಮೀಟರ್ ತಗಡಿಗೆ ನಾಲ್ಕು ನಿಕಲ್ ಸ್ಕ್ರೂಗಳು. ಒಂದೊಂದರ ತಲೆಯ ಮೇಲೂ ಒಂದೇ ಗೀಟು, ಏಕೆಂದರೆ ಆ ಕಾಲದ ಕಾರುಗಳು ಪ್ಲಸ್ ಗುರುತಿನ ಸ್ಕ್ರೂ ಕಂಡಿರಲಿಲ್ಲ. ಗೀಟಿನ ಸ್ಕ್ರೂವನ್ನು ಬಿಗಿ ಮಾಡಿದರೆ ಗೀಟು ತನಗೆ ತೋಚಿದ ಕಡೆ ತಿರುಗಿ ನಿಲ್ಲುತ್ತದೆ. ವಾಲ್ದೆಮಾರ್‌ಗೆ ಅದು ಆಗದು. ಅವನು ಒಂದೊಂದು ಸ್ಕ್ರೂವಿನ ತಲೆಯ ಕೆಳಗೂ ಅರದಿಂದ ಕೂದಲೆಳೆಯಷ್ಟು ಉಜ್ಜಿ, ಪೂರ್ತಿ ಬಿಗಿಯಾದಾಗ ನಾಲ್ಕು ಗೀಟುಗಳೂ ನೆಟ್ಟಗೆ ಎದ್ದು ನಿಲ್ಲುವಂತೆ ಮಾಡಿದ್ದ. ಇಡೀ ಚಳಿಗಾಲ ಅದಕ್ಕೇ ಹೋಗಿತ್ತು.

ಪಕ್ಕದ ಮನೆಯ ಒಲೆಗಾರಿಯೊನ ಬಳಿಯೂ ಅದೇ ವರ್ಷದ, ಅದೇ ಮಾದರಿಯ ಕಾರು. ಅವನ ಗೀಟುಗಳು ಅಡ್ಡಕ್ಕೆ ಮಲಗಿರುತ್ತಿದ್ದವು. ಅದು ಸೋಮಾರಿಗಳ ರೀತಿ ಎಂದು ವಾಲ್ದೆಮಾರ್ ಎಲ್ಲರಿಗೂ ಹೇಳಿ ಆಗಿತ್ತು. ಆದರೂ ಹಳೆಗಾಡಿ ಕ್ಲಬ್ಬಿನ ಹಿತ್ತಾಳೆ ಫಲಕ ಮೂರು ವರ್ಷಗಳಿಂದ ಆ ಸೋಮಾರಿಯ ಮನೆಗೇ ಹೋಗುತ್ತಿತ್ತು. ಒಲೆಗಾರಿಯೊ ಆ ಮೂರು ಫಲಕಗಳನ್ನೂ ಹೊರಗೋಡೆಗೇ ಹೊಡೆದಿದ್ದ. ಬೆಳಗಿನ ಬಿಸಿಲು ಅವುಗಳಿಗೆ ಬಡಿದು ನೇರವಾಗಿ ವಾಲ್ದೆಮಾರ್‌ನ ಅಡುಗೆಮನೆಗೆ ಬೀಳುತ್ತಿತ್ತು. ಮೂರು ವರ್ಷಗಳಿಂದ ಪಾಪ ಅವನು ಕಣ್ಣು ಕಿರಿದು ಮಾಡಿಕೊಂಡೇ ತಿಂಡಿ ತಿನ್ನುತ್ತಿದ್ದ. ಈ ಸಲ ಫಲಕ ತನ್ನದೇ ಎಂದು ನಂಬಿದ್ದ. ಪರೀಕ್ಷೆ ಅದೇ ಸಂಜೆ, ಚೌಕದಲ್ಲಿ.

"ನಿನ್ನೆ ಸಾಯಂಕಾಲ ಇತ್ತಲ್ಲ ಮುದ್ಕ," ಎಂದಳು ಹೆಂಡತಿ ನೆಲಿದಾ. "ಒಲೆಗಾರಿಯೊ ಬಂದು ಕಾರಲ್ಲಿ ಕೂತು ಮತೆ ಕಷಾಯ ಕುಡೀತಾ ಹೊಗಳಿದ್ನಲ್ಲ, ಸೈನಿಕರ ಥರಾ ನಿಂತಿವೆ ಅಂತ."

"ಹೊಗಳಿದ್ದಲ್ಲ ಅದು, ಕಣ್ಣು ಹಾಕಿದ್ದು. ಆ ಕಣ್ಣಿಗೇ ಬಿದ್ದುಹೋಗಿದೆ. ಹುಡುಕು."

ಇಬ್ಬರೂ ಕಾರಿನ ಸೀಟು ಕಿತ್ತರು, ನೆಲ ಗುಡಿಸಿದರು, ಮತೆ ಕಾಸುವ ಯೆರ್ಬಾ ಸೊಪ್ಪಿನ ಡಬ್ಬಿಯನ್ನೂ ಜರಡಿ ಹಿಡಿದರು. ಸ್ಕ್ರೂ ಸಿಗಲಿಲ್ಲ. ಸೊಪ್ಪಿನ ಪುಡಿ ಮೂಗಿಗೆ ಹೋಗಿ ಸೀನು ಮಾತ್ರ ನಿಲ್ಲದೆ ಬಂತು.

ಸೀನುತ್ತಲೇ ಅವನು ದೊನ್ಯಾ ಎರ್ಮಿನಿಯಾಳ ಕಬ್ಬಿಣದ ಅಂಗಡಿಗೆ ಓಡಿದ. ಎರ್ಮಿನಿಯಾ ಡಬ್ಬಿಗಳನ್ನು ಒಂದೊಂದಾಗಿ ಬೋರಲು ಹಾಕಿದಳು.

"ಗೀಟಿಂದು ಈಗ ಯಾರು ಕೇಳ್ತಾರೆ ವಾಲ್ದೆಮಾರ್? ಎಲ್ಲಾ ಪ್ಲಸ್ಸೇ. ತಗೊ, ಇದು ಅದೇ ಸೈಜು. ಹಾಕು, ಯಾರು ಬಗ್ಗಿ ನೋಡ್ತಾರೆ?"

"ದೋನ್ ಸೆಲೆದೋನಿಯೊ ನೋಡ್ತಾರೆ. ಭೂತಗನ್ನಡಿ ಇಟ್ಕೊಂಡು ನೋಡ್ತಾರೆ. ಪ್ಲಸ್ ಕಂಡ್ರೆ ಫಲಕ ಹೋದ ಹಾಗೇ. ಗೀಟಿಂದಾದ್ರೂ 'ಇದು ಯಾರ ಕೈಯಿಂದ ಬಂತು' ಅಂತ ಕೇಳ್ತಾರೆ."

ದೋನ್ ಸೆಲೆದೋನಿಯೊ ನಿವೃತ್ತ ನೋಟರಿ, ಕ್ಲಬ್ಬಿನ ಪರೀಕ್ಷಕ. ಕಾರಿಗೆ ಹೊಸದಾಗಿ ಸೇರಿದ ಯಾವ ಭಾಗ ಮುಟ್ಟಿದರೂ ಅದೊಂದೇ ಪ್ರಶ್ನೆ ಕೇಳುವರು. ಕೊಟ್ಟವರ ಹೆಸರು ಹೇಳಬೇಕು, ಅವರು ಎದುರಿಗೆ ಬಂದು ಹೌದು ಎನ್ನಬೇಕು. ಹಾಗೆ ಹೇಳಲಾಗದ ವಸ್ತು ಅವರ ಲೆಕ್ಕದಲ್ಲಿ ಅನಾಥ, ಅನಾಥ ವಸ್ತು ಇರುವ ಕಾರಿಗೆ ಫಲಕವಿಲ್ಲ.

ಆದರೂ ಎರ್ಮಿನಿಯಾ ಆ ಪ್ಲಸ್ ಸ್ಕ್ರೂವನ್ನು ಅವನ ಜೇಬಿಗೆ ತುರುಕಿ, ಅವನು ಬೀದಿ ದಾಟುವುದರೊಳಗೆ ನಾಲ್ಕು ಮನೆಗೆ ಫೋನು ಮಾಡಿದಳು. ಹಾಗಾಗಿ ಅವನು ಕ್ಷೌರಿಕ ತೆಲ್ಮೊನ ಅಂಗಡಿ ತಲುಪುವಾಗ ಅಲ್ಲಿ ಎಲ್ಲರಿಗೂ ಸುದ್ದಿ ಗೊತ್ತಿತ್ತು.

"ಕಳ್ಕೊಂಡ್ಯಂತೆ? ಮನೇಲಿ ಹುಡುಕಿದ್ಯಾ?" ಎಂದು ಎಲ್ಲರೂ ಕೇಳಿದರು.

ತೆಲ್ಮೊನ ಕುರ್ಚಿ ಬಹಳ ಹಳೆಯದು. ಅದರ ಕೈಗೆ ಗೀಟಿನ ನಿಕಲ್ ಸ್ಕ್ರೂ ಇತ್ತು. ವಾಲ್ದೆಮಾರ್ ಗಡ್ಡ ಮಾಡಿಸುವವನಂತೆ ಕೂತ. ಮುಖಕ್ಕೆ ನೊರೆ ಬಿತ್ತು. ಬಟ್ಟೆಯ ಕೆಳಗೆ ಅವನ ಬೆರಳುಗಳು ನಾಣ್ಯ ಹಿಡಿದು ಸ್ಕ್ರೂ ತಿರುಗಿಸತೊಡಗಿದವು. ಇನ್ನೇನು ಬಂತು ಎನ್ನುವಾಗ ಕುರ್ಚಿಯ ಕೈ ಕಳಚಿ ಬಿತ್ತು, ಅದರ ಮೇಲೆ ಒರಗಿದ್ದ ವಾಲ್ದೆಮಾರ್ ಪಕ್ಕಕ್ಕೆ ವಾಲಿದ, ತೆಲ್ಮೊನ ಕತ್ತಿ ಅವನ ಎಡಮೀಸೆಯನ್ನು ಪೂರ್ತಿ ತೆಗೆದುಕೊಂಡು ಹೋಯಿತು.

"ಕೇಳಿದ್ರೆ ನಾನೇ ಬಿಚ್ಚಿ ಕೊಡ್ತಿದ್ನಲ್ಲ ಮಾರಾಯ," ಎಂದ ತೆಲ್ಮೊ. ಆ ಸ್ಕ್ರೂ ಹೆಬ್ಬೆರಳ ಗಾತ್ರ ಇತ್ತು. ಮೀಸೆಯೂ ಹೋಯಿತು, ಸ್ಕ್ರೂವೂ ಇಲ್ಲ.

ಊರು ಮಧ್ಯಾಹ್ನದ ನಿದ್ದೆಗೆ ಬಾಗಿಲು ಹಾಕಿಕೊಂಡಿತು. ವಾಲ್ದೆಮಾರ್ ಅರ್ಧ ಮೀಸೆ ಹೊತ್ತು ಮನೆಗೆ ಬರುವಾಗ ಬೇಲಿಯಾಚೆಯಿಂದ ಒಲೆಗಾರಿಯೊನ ಗೊರಕೆ ಕೇಳಿಸಿತು. ನಾಲ್ಕು ಸ್ಕ್ರೂ ಇರುವವನ ಗೊರಕೆ. ಅದನ್ನು ಕೇಳಿ ವಾಲ್ದೆಮಾರ್‌ನ ಹೊಟ್ಟೆಯಲ್ಲಿ ಬೆಂಕಿ ಎದ್ದಿತು. ಇವನಿಗೆ ಫಲಕವೂ ಬೇಕು, ನಿದ್ದೆಯೂ ಬೇಕು ಎಂದುಕೊಂಡ. ಆಮೇಲೆ ಅವನ ಕಾಲುಗಳು ತಾವಾಗಿಯೇ ಬೇಲಿ ದಾಟಿದವು.

ಒಲೆಗಾರಿಯೊನ ಶೆಡ್ಡು ತೆರೆದೇ ಇತ್ತು. ಕಾರಿನ ತಗಡಿನ ಮೇಲೆ ಮೂರು ಗೀಟುಗಳು ಅಡ್ಡಕ್ಕೆ ಮಲಗಿದ್ದವು. ನಾಲ್ಕನೆಯದು ಮಗ್ಗುಲು ಬದಲಿಸುವವನಂತೆ ಓರೆಯಾಗಿತ್ತು. ಮೂರು ಫಲಕ ಗೆದ್ದವನ ಶಿಸ್ತು ನೋಡು ಎಂದು ವಾಲ್ದೆಮಾರ್ ಮನಸ್ಸಿನಲ್ಲೇ ಉಗಿದ. ಓರೆಯಾದದ್ದು ಸಡಿಲವಾಗಿಯೂ ಇತ್ತು, ಬೆರಳಿಗೇ ಬಂತು. ಆ ತೂತಿಗೆ ಎರ್ಮಿನಿಯಾ ಕೊಟ್ಟಿದ್ದ ಪ್ಲಸ್ ಸ್ಕ್ರೂ ಸೇರಿಸಿದ. ತನ್ನದು ತುಂಬುವುದು, ಅವನದು ಕೆಡುವುದು, ಎರಡೂ ಒಂದೇ ಏಟಿಗೆ ಆಗಿ ಅವನಿಗೆ ಅರ್ಧ ಮೀಸೆಯಲ್ಲೇ ನಗು ಬಂತು.

ತನ್ನ ಶೆಡ್ಡಿಗೆ ಬಂದು ಸ್ಕ್ರೂ ಹಾಕಿ ತಿರುಗಿಸಿದ. ಬೇರೆಯವನ ಸ್ಕ್ರೂ ಎಲ್ಲಿ ನಿಲ್ಲುತ್ತದೋ, ಅರ ಹಿಡಿದು ಮತ್ತೆ ಉಜ್ಜಬೇಕಾದೀತು ಎಂದುಕೊಂಡಿದ್ದ. ಸ್ಕ್ರೂ ಬಿಗಿಯಾಯಿತು, ಗೀಟು ನೆಟ್ಟಗೆ ಎದ್ದು ನಿಂತಿತು. ಅಲ್ಲೇ ಹುಟ್ಟಿದ ಹಾಗೆ.

ದೇವರು ಕೊನೆಗೂ ಕಣ್ಣು ಬಿಟ್ಟ ಎಂದು ವಾಲ್ದೆಮಾರ್ ಎದೆಯ ಮೇಲೆ ಶಿಲುಬೆ ಗೀರಿಕೊಂಡ. ಗೀರುತ್ತಿದ್ದ ಕೈ ನಡುವೆ ನಿಂತಿತು. ಸ್ಕ್ರೂ ಬಿಚ್ಚಿ ಬೆಳಕಿಗೆ ಹಿಡಿದ. ತಲೆಯ ಕೆಳಗೆ ಕೂದಲೆಳೆಯಷ್ಟು ಅರದ ಗುರುತು ಇತ್ತು. ಅದು ಅವನ ಕೈಯದೇ ಗುರುತು.

"ಕಳ್ಳ," ಎಂದು ಅವನು ಬೇಲಿಯವರೆಗೆ ಹಾರಿದ. ಬೇಲಿಯ ಬಳಿ ನಿಂತುಬಿಟ್ಟ. ನನ್ನ ಸ್ಕ್ರೂ ನಿನ್ನ ಕಾರಲ್ಲಿತ್ತು ಎಂದರೆ, ನನ್ನ ಕಾರೊಳಗೆ ನಿನಗೇನು ಕೆಲಸ ಎಂದು ಅವನು ಕೇಳುವುದಿಲ್ಲವೇ? ವಾಲ್ದೆಮಾರ್ ಬಾಯಿ ಮುಚ್ಚಿಕೊಂಡ. ಹೇಗೂ ಅವನ ಕಾರಿನ ಮುಖಕ್ಕೆ ಪ್ಲಸ್ ಕೂತಿದೆ, ಫಲಕ ನನ್ನದೇ ಎಂದು ಸಮಾಧಾನ ಮಾಡಿಕೊಂಡು ಉಳಿದ ಮೀಸೆಯನ್ನೂ ಬೋಳಿಸಿದ.

ಸಂಜೆ ಚೌಕದಲ್ಲಿ ಊರೇ ಸೇರಿತ್ತು. ದೋನ್ ಸೆಲೆದೋನಿಯೊ ಮೊದಲು ಒಲೆಗಾರಿಯೊನ ಕಾರಿಗೆ ಭೂತಗನ್ನಡಿ ಹಿಡಿದರು.

"ಒಲೆಗಾರಿಯೊ, ಇದೇನಪ್ಪಾ? ಪ್ಲಸ್ ಸ್ಕ್ರೂ. ಇದು ಯಾರ ಕೈಯಿಂದ ಬಂತು?"

ಒಲೆಗಾರಿಯೊ ಬಗ್ಗಿ ನೋಡಿದ. ಮುಖ ಬಿಳಿಚಿತು. ತಲೆಯೆತ್ತಿ ವಾಲ್ದೆಮಾರ್‌ನ ನುಣ್ಣನೆಯ ಮುಖವನ್ನು ನೋಡಿದ. ಆಮೇಲೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ನನ್ನ ಕೈಯಿಂದಲೇ ಬಂತು ದೋನ್. ಒಂದು ಸ್ಕ್ರೂ ಕಳೆದುಹೋಯ್ತು. ಕದಿಯೋರು ಕದೀತಾರೆ, ನನಗೆ ಮನಸ್ಸು ಬರಲಿಲ್ಲ. ಇಲ್ಲದ್ದನ್ನ ಇಲ್ಲ ಅಂತ ಎಲ್ಲರಿಗೂ ಕಾಣೋ ಹಾಗೆ ಪ್ಲಸ್ ಹಾಕಿದೆ. ಫಲಕ ಹೋದ್ರೆ ಹೋಗ್ಲಿ."

ದೊನ್ಯಾ ಎರ್ಮಿನಿಯಾ ಕಣ್ಣೊರೆಸಿಕೊಂಡಳು. "ಅದು ನಮ್ಮ ಅಂಗಡೀದೇ ಮಾಲು, ನನಗೆ ಗುರುತು ಸಿಗುತ್ತೆ," ಎಂದು ಸಾಕ್ಷಿಯನ್ನೂ ಹೇಳಿದಳು.

ದೋನ್ ಸೆಲೆದೋನಿಯೊ ವಾಲ್ದೆಮಾರ್‌ನ ಕಾರಿಗೆ ಬಂದರು. ನಾಲ್ಕು ಗೀಟುಗಳೂ ನೆಟ್ಟಗೆ ನಿಂತಿದ್ದವು.

"ಬೆಳಿಗ್ಗೆಯಿಂದ ಒಂದು ಸ್ಕ್ರೂಗೋಸ್ಕರ ಊರೆಲ್ಲಾ ಅಲೆದೆಯಂತೆ. ಇದು ಯಾರ ಕೈಯಿಂದ ಬಂತು?"

"ನಾನು ಕೊಟ್ಟಿಲ್ಲ," ಎಂದಳು ಎರ್ಮಿನಿಯಾ.

"ನನ್ನದಂತೂ ಅಲ್ಲ, ನನ್ನದು ದಪ್ಪ," ಎಂದ ತೆಲ್ಮೊ.

"ಮನೆಯಲ್ಲೇ ಸಿಕ್ತು," ಎಂದ ವಾಲ್ದೆಮಾರ್.

"ಮನೇಲಿ ಎಲ್ಲಿ ಸಿಕ್ತು ಮುದ್ಕ?" ಎಂದು ನೆಲಿದಾ ನಿಜವಾದ ಸಂತೋಷದಿಂದ ಕೇಳಿದಳು. "ಯೆರ್ಬಾ ಡಬ್ಬೀನೂ ಜರಡಿ ಹಿಡಿದಿದ್ವಲ್ಲ."

ವಾಲ್ದೆಮಾರ್ ಒಲೆಗಾರಿಯೊನನ್ನು ನೋಡಿದ. ಒಲೆಗಾರಿಯೊ ಬಹಳ ಕನಿಕರದಿಂದ ಅವನನ್ನು ನೋಡುತ್ತಿದ್ದ. ಆ ಕ್ಷಣದಲ್ಲಿ ವಾಲ್ದೆಮಾರ್‌ಗೆ ಕಾರಿನ ಮೇಲಲ್ಲ, ಫಲಕದ ಮೇಲಲ್ಲ, ಆ ಸುಳ್ಳಿನ ಮೇಲೆ ಹೊಟ್ಟೆಕಿಚ್ಚಾಯಿತು. ಅದು ತನಗೇಕೆ ಹೊಳೆಯಲಿಲ್ಲ?

ಅನಾಥ ಸ್ಕ್ರೂವಿನ ಕಾರು ಲೆಕ್ಕಕ್ಕೆ ಬರಲಿಲ್ಲ. ಪ್ರಾಮಾಣಿಕತೆಗಾಗಿ ಫಲಕ ಒಲೆಗಾರಿಯೊಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟುವಾಗ ವಾಲ್ದೆಮಾರ್ ಕೂಡ ತಟ್ಟಬೇಕಾಯಿತು, ಜನ ತನ್ನನ್ನೇ ನೋಡುತ್ತಿದ್ದರೆಂದು ಸ್ವಲ್ಪ ಜೋರಾಗಿಯೇ ತಟ್ಟಿದ.

ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಪಕ್ಕದ ಗೋಡೆಗೆ ತೂತು ಕೊರೆಯುವ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದು ನಿಂತು, ಬೇಲಿಯ ಮೇಲೆ ಒಲೆಗಾರಿಯೊನ ಟೋಪಿ ಕಾಣಿಸಿತು.

"ವಾಲ್ದೆಮಾರ್, ಫಲಕಕ್ಕೆ ನಾಲ್ಕು ಸ್ಕ್ರೂ ಬೇಕು, ನನ್ನ ಹತ್ರ ಮೂರೇ ಇದೆ. ನಿನ್ನ ಹತ್ರ ಒಂದಿದ್ರೆ ಕೊಡ್ತೀಯಾ? ಪ್ಲಸ್ ಆದ್ರೂ ಪರವಾಗಿಲ್ಲ."