ಬ್ಯಾಕಪ್ಪಿಗೊಂದು ಮುಹೂರ್ತ

ಮುರಿಗೆಪ್ಪ: ಹನ್ನೆರಡು ಗಂಟೆವರೆಗೂ ಅದನ್ನ ಯಾರೂ ಮುಟ್ಟಬಾರ್ದು ಅಂದ್ರೆ ಮುಟ್ಟಬಾರ್ದು. ಶುಕ್ರವಾರ, ರಾಹುಕಾಲ. ಸಾಲದ್ದಕ್ಕೆ ಧನುರ್ಮಾಸ ಬೇರೆ.

ಶೈಲಜಾ: ಸರಿ ಬಿಡಿ. ಕಂಪ್ಯೂಟರ್‌ಗೆ ಹೇಳ್ತೀನಿ, ಅಲ್ಲಿವರ್ಗೂ ಜೀವ ಹಿಡ್ಕೊಂಡಿರಪ್ಪಾ, ಯಜಮಾನ್ರು ಪಂಚಾಂಗ ನೋಡ್ತಾ ಇದ್ದಾರೆ ಅಂತ.

ಜಾಲಹಳ್ಳಿ ಕ್ರಾಸಿನಿಂದ ಪೀಣ್ಯದ ಕಡೆ ತಿರುಗಿದರೆ ಎಡಗಡೆ ಸಿಗುವ ಕನ್ನಡಕದ ಅಂಗಡಿ ಈ ದಂಪತಿಗಳದ್ದು. ಕಣ್ಣು ಪರೀಕ್ಷೆ ಮಾಡಿ ಪವರು ಬರೆಯುವವಳು ಶೈಲಜಾ. ಫ್ರೇಮು ತೋರಿಸಿ, ‘ನಿಮ್ಮ ಮುಖಕ್ಕೆ ಹೇಳಿ ಮಾಡಿಸಿದಂಗಿದೆ ಸಾರ್’ ಎಂದು ಬಂದವರಿಗೆಲ್ಲ ಒಂದೇ ಮಾತು ಹೇಳುವವನು ಅವಳ ಗಂಡ ಮುರಿಗೆಪ್ಪ. ಈ ಸೀಮೆಯ ಅರ್ಧ ಜನರ ಕಣ್ಣಿನ ಜಾತಕ ಕೌಂಟರಿನ ಮೇಲಿದ್ದ ಒಂದೇ ಒಂದು ಕಂಪ್ಯೂಟರಿನಲ್ಲಿತ್ತು. ಬೆಳಗ್ಗೆ ಅಂಗಡಿ ತೆಗೆದಾಗಿನಿಂದ ಅದು ಹಲ್ಲು ಕಡಿಯುವವರ ಹಾಗೆ ಕಟಕಟ ಅನ್ನುತ್ತಿತ್ತು.

ಶೈಲಜಾ ಫೋನು ಮಾಡಿ ಸರ್ವೀಸಿನ ಗುರುರಾಜನನ್ನು ಕರೆಸಿದ್ದಳು. ಅವನು ಬಂದವನೇ ಡಬ್ಬಿಗೆ ಕಿವಿಕೊಟ್ಟು ಕೇಳಿ, ಐಸಿಯು ಬಾಗಿಲಲ್ಲಿ ನಿಂತ ಡಾಕ್ಟರನ ಮುಖ ಮಾಡಿದ.

ಗುರುರಾಜ್: ಒಳಗಿನ ಡಿಸ್ಕ್ ಹೋಗ್ತಾ ಇದೆ ಸಾರ್. ಆಫ್ ಮಾಡಿದ್ರೆ ಮತ್ತೆ ಏಳೋದು ಡೌಟು. ಈಗ್ಲೇ ಡೇಟಾ ಎಲ್ಲಾ ಬೇರೆ ಡಿಸ್ಕ್‌ಗೆ ಹಾಕ್ಕೊಂಡ್ಬಿಡೋಣ.

ಮುರಿಗೆಪ್ಪ: ಈಗ್ಲೇ ಅಂದ್ರೆ ಎಷ್ಟೊತ್ತಿಗಪ್ಪಾ?

ಗುರುರಾಜ್: ಈಗ್ಲೇ ಅಂದ್ರೆ ಈಗ್ಲೇ ಸಾರ್.

ಮುರಿಗೆಪ್ಪ: ಹನ್ನೆರಡು ಹೊಡೆದ ಮೇಲಾದ್ರೆ ಆಗಲ್ವಾ?

ಗುರುರಾಜ್ ಶೈಲಜಾಳ ಮುಖ ನೋಡಿದ. ಶೈಲಜಾ ದೇವರ ಗೂಡಿನ ಕಡೆ ನೋಡಿದಳು. ಬೇರೆ ಡಿಸ್ಕು ಇಲ್ಲದೆ ಇರಲಿಲ್ಲ. ಅದು ಕೌಂಟರಿನ ಮೇಲಿನ ದೇವರ ಗೂಡಿನಲ್ಲಿ, ವಿಭೂತಿಗಟ್ಟಿಯ ಹಿಂದೆ, ಕವರಿನಲ್ಲಿ ಸುಖವಾಗಿ ಕೂತಿತ್ತು. ಇದೇ ಗುರುರಾಜ ಬಡಕೊಂಡ ಮೇಲೆ ಯುಗಾದಿಯ ಹಿಂದಿನ ದಿನ ಮುರಿಗೆಪ್ಪ ಅದನ್ನು ತಂದಿದ್ದ. ಅವತ್ತು ಅಮಾವಾಸ್ಯೆ, ಆದ್ದರಿಂದ ಬಿಚ್ಚಲಿಲ್ಲ. ಅಕ್ಷಯ ತದಿಗೆಗೆ ಶುರು ಮಾಡೋಣ ಅಂದ, ಅವತ್ತು ನಾದಿನಿ ಹೇಮಲತಾಳ ಮದುವೆ ಬಂತು. ಆಮೇಲೆ ಆಷಾಢ. ಶ್ರಾವಣದ ಮೊದಲ ಸೋಮವಾರ ಅಂದುಕೊಂಡರೆ ದಿನವಿಡೀ ಕರೆಂಟಿಲ್ಲ. ಅದು ಅಪಶಕುನ ಅಂತ ಇಡೀ ಶ್ರಾವಣವನ್ನೇ ಬಿಟ್ಟ. ಆಮೇಲೆ ಪಿತೃಪಕ್ಷ. ಆಯುಧಪೂಜೆಗೆ ಡಿಸ್ಕಿನ ಕವರಿಗೇ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಪೂಜೆಯ ದಿನ ಆಯುಧ ಬಳಸಬಾರದು ಅಂತ ವಾಪಸ್ ಗೂಡಿಗೇ ಇಟ್ಟ. ಈಗ ಧನುರ್ಮಾಸ, ಸಂಕ್ರಾಂತಿ ಕಳೆಯಲಿ ಅನ್ನುತ್ತಿದ್ದ. ಮನೆ ಕಟ್ಟುವವರೂ ಇಷ್ಟು ಶಾಸ್ತ್ರ ನೋಡುವುದಿಲ್ಲ. ಇಂಟರ್ನೆಟ್ಟಿನಲ್ಲಾದರೂ ಇಟ್ಟುಬಿಡಿ ಎಂದು ಗುರುರಾಜ ಹೇಳಿದ್ದಕ್ಕೆ, ಕಣ್ಣಿಗೆ ಕಾಣದ ಜಾಗದಲ್ಲಿ ಊರವರ ಕಣ್ಣು ಇಡುವುದಿಲ್ಲ ಅಂದಿದ್ದ. ಇವತ್ತು ಇಡುತ್ತೇನೆಂದರೂ ಆಗುತ್ತಿರಲಿಲ್ಲ. ಮೋರಿ ಅಗೆಯುವವರು ಕೇಬಲ್ಲು ಕಡಿದು ಹೋಗಿದ್ದರು.

ಶೈಲಜಾ: ಗುರುರಾಜ್, ನಿಮ್ಮತ್ರ ಯಾವ್ದೂ ಡಿಸ್ಕ್ ಇಲ್ವಾ?

ಗುರುರಾಜ್: ನನ್ನ ಮೊಬೈಲೂ ಸಿನಿಮಾ ತುಂಬ್ಕೊಂಡು ಫುಲ್ಲು. ಫೋನಲ್ಲಿ ನೀವೇ ಅಂದ್ರಲ್ಲ ಮೇಡಂ, ಡಿಸ್ಕ್ ಇದೆ, ನೀನು ಸುಮ್ನೆ ಬಾ ಅಂತ. ಸುಮ್ನೆ ಬಂದಿದೀನಿ.

ಶೈಲಜಾ: ಅಲ್ಲಾ ರೀ, ಕೊರಳಲ್ಲಿ ಲಿಂಗ ಕಟ್ಕೊಂಡೋರಿಗೆ ಯಾವ ರಾಹು, ಯಾವ ಕೇತು? ನಿಮ್ಮಪ್ಪ ಪಂಚಾಂಗದ ಹಾಳೇಲಿ ಮಂಡಕ್ಕಿ ಕಟ್ಕೊಂಡು ತಿಂತಿದ್ರಂತೆ. ನಿಮಗೆಲ್ಲಿಂದ ಅಂಟ್ಕೊಂಡಿತು ಇದು?

ಮುರಿಗೆಪ್ಪ: ನಂಗೇನು ನಂಬಿಕೆ ಇಲ್ಲಮ್ಮಾ. ಆದ್ರೆ ಎದುರುಗಡೆ ಮುನಿರಾಜು ರಾಹುಕಾಲದಲ್ಲಿ ಶಟರ್ ಎತ್ತಿದ. ಮೂರು ತಿಂಗಳಿಗೆ ಇಳಿಸಿದ. ಕಣ್ಣಾರೆ ನೋಡಿದೀನಿ.

ಶೈಲಜಾ: ಅವ್ನು ಏಪ್ರಿಲ್‌ನಲ್ಲಿ ಸ್ವೆಟರ್ ಅಂಗಡಿ ಇಟ್ಟಿದ್ದ ಕಣ್ರೀ. ಅದಕ್ಕೆ ಪಾಪ ರಾಹು ಏನ್ಮಾಡ್ತಾನೆ?

ಗುರುರಾಜ್ ಕೆಮ್ಮಿದ. ಕಂಪ್ಯೂಟರೂ ಜೋರಾಗಿ ಒಮ್ಮೆ ಕಟಕಟ ಅಂತು. ಶೈಲಜಾಳ ವ್ಯಂಗ್ಯವೆಲ್ಲ ಅಲ್ಲಿಗೆ ಬತ್ತಿತು. ಈ ವಾರವೆಲ್ಲ ಅವಳು ಪೀಣ್ಯದ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ನಿಂತು ಅಲ್ಲಿನ ಕೆಲಸಗಾರರ ಕಣ್ಣು ಪರೀಕ್ಷೆ ಮಾಡಿದ್ದಳು. ಎಲ್ಲರ ಪವರೂ ಆ ಡಬ್ಬಿಯೊಳಗಿತ್ತು. ಸಂಜೆಯೊಳಗೆ ಲೆನ್ಸಿನವರಿಗೆ ಕಳಿಸಬೇಕಿತ್ತು.

ಶೈಲಜಾ: ಲೇತ್ ಮಷೀನಿನ ಚಿಕ್ಕಬೈರಪ್ಪ ಇದ್ದಾರಲ್ಲ, ವರ್ಷಗಟ್ಲೆ ಮಬ್ಬುಗಣ್ಣಲ್ಲೇ ಕೆಲ್ಸ ಮಾಡಿದಾರೆ. ತಿರುಗೋ ಮಷೀನ್ ಹತ್ರ ಬೆರಳು ಹೋಗತ್ತೆ ಅಕ್ಕ, ಬೇಗ ಕೊಡಿ ಅಂದ್ರು. ಸೋಮವಾರ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ಎಲ್ಲಾ ಅಳಿಸ್ಹೋಯ್ತು, ಮತ್ತೆ ಸಾಲಾಗಿ ನಿಂತ್ಕೊಳ್ಳಿ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ ನಾನು?

ಮುರಿಗೆಪ್ಪನ ಮುಖವೂ ಸಪ್ಪಗಾಯಿತು. ಕೆಟ್ಟವನಲ್ಲ ಅವನು. ಆದರೆ ಗೋಡೆಯ ಗಡಿಯಾರ ನೋಡಿದ, ಪುನಃ ಕ್ಯಾಲೆಂಡರ್ ನೋಡಿದ, ಎರಡೂ ಅವನ ಸಹಾಯಕ್ಕೆ ಬರಲಿಲ್ಲ.

ಮುರಿಗೆಪ್ಪ: ರಾಹುಕಾಲದಲ್ಲಿ ಹೊಸ ಕೆಲ್ಸ ಶುರು ಮಾಡಬಾರ್ದು ಅಂತಾರೆ, ಅಷ್ಟೇ ನಾನು ಹೇಳೋದು.

ಶೈಲಜಾ: ಇದ್ಯಾವ ಹೊಸ ಕೆಲ್ಸ? ಯುಗಾದಿಯಿಂದ ನೀವು ಇದನ್ನ ಮುಂದಕ್ಕೆ ಹಾಕ್ತಾನೇ ಇದೀರಿ. ನಮ್ಮ ಅಂಗಡೀಲಿ ಇದಕ್ಕಿಂತ ಹಳೇ ಕೆಲ್ಸ ಇನ್ನೊಂದಿಲ್ಲ.

ಮುರಿಗೆಪ್ಪ ಯೋಚಿಸಿದ. ಶಾಸ್ತ್ರಕ್ಕೂ ಮರ್ಯಾದೆ ಉಳಿಯಿತು, ತನಗೂ ಉಳಿಯಿತು ಅನ್ನಿಸಿರಬೇಕು. ಮುಂದುವರಿದ ಕೆಲಸಕ್ಕೆ ದೋಷವಿಲ್ಲ ಎಂದು ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡು, ಸ್ಟೂಲು ಹತ್ತಿ, ಕಣ್ಣುಮುಚ್ಚಿ, ಎರಡೂ ಕೈಯಿಂದ ಡಿಸ್ಕನ್ನು ಇಳಿಸಿದ. ಗುರುರಾಜ ಕವರು ಬಿಚ್ಚಿ, ವೈರು ಸಿಗಿಸುವ ಮೊದಲು ಅದರ ಬಾಯಲ್ಲಿ ಕೂತಿದ್ದ ವಿಭೂತಿ ಊದಿದ. ಗೆದ್ದ ಖುಷಿಯಲ್ಲಿ ನಗುತ್ತಿದ್ದ ಶೈಲಜಾ ಆ ಕವರು ನೋಡಿದ್ದೇ ನಗು ನಿಲ್ಲಿಸಿದಳು.

ಗುರುರಾಜ್: ಸಾರ್, ಇದ್ರಲ್ಲಿ ಜಾಗಾನೇ ಇಲ್ಲ. ಫುಲ್ ಆಗಿದೆ.

ಮುರಿಗೆಪ್ಪ: ಸರಿಯಾಗಿ ನೋಡಪ್ಪಾ. ನಾನು ಕವರಿಂದ ಆಚೆಗೇ ತೆಗೆದಿಲ್ಲ ಅದನ್ನ.

ಗುರುರಾಜ್: ‘ಹೇಮಲತಾ ಮದುವೆ’ ಅಂತ ಇದೆ ಸಾರ್. ಎಲ್ಲಾ ವಿಡಿಯೋನೇ.

ಶೈಲಜಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಸಣ್ಣ ದನಿಯಲ್ಲಿ ಒಪ್ಪಿಸಿದಳು. ಮದುವೆಯ ವಿಡಿಯೋದವನು ಡಿಸ್ಕು ಕೊಟ್ಟರೆ ಎಲ್ಲ ತುಂಬಿಸಿ ಕೊಡುತ್ತೇನೆ ಅಂದಿದ್ದ. ಗೂಡಿನಲ್ಲಿ ಒಂದು ಸುಮ್ಮನೆ ಕೂತಿತ್ತಲ್ಲ, ಕೊಟ್ಟಳು. ಬಂದ ಮೇಲೆ ಅದೇ ಕವರಿಗೆ ಹಾಕಿ ಅದೇ ಜಾಗದಲ್ಲಿ ಇಟ್ಟಳು. ಹೇಳಬೇಕು ಅಂತಲೇ ಇದ್ದಳು, ಮರೆತುಹೋಯಿತು.

ಮುರಿಗೆಪ್ಪ: ಹಂಗಾದ್ರೆ ಇಷ್ಟು ದಿನ ನಾನು ಊದಿನಕಡ್ಡಿ ಬೆಳಗಿದ್ದು ನಿನ್ನ ತಂಗಿ ಮದ್ವೆಗೆ.

ಶೈಲಜಾ: ಒಳ್ಳೇದೇ ಆಯ್ತಲ್ಲ ರೀ. ಚೆನ್ನಾಗಿ ಬಾಳ್ತಾ ಇದ್ದಾಳೆ.

ಮುರಿಗೆಪ್ಪ: ಯಾವತ್ತು ಕೊಟ್ಟಿದ್ದು ಅವ್ನಿಗೆ?

ಶೈಲಜಾ: ಮಂಗಳವಾರ. ಮಧ್ಯಾಹ್ನದ ಮೇಲೆ, ಮೂರೂವರೆ ಇರ್ಬೇಕು.

ಮುರಿಗೆಪ್ಪ: ಮಂಗಳವಾರ ಮೂರರಿಂದ ನಾಲ್ಕೂವರೆ ಪಕ್ಕಾ ರಾಹುಕಾಲ. ನೋಡಪ್ಪಾ ಗುರುರಾಜ್, ನಾನು ಬಾಯಿ ಬಡ್ಕೊಳ್ಳೋದು ಇದಕ್ಕೇನೇ.

ಈಗ ಅವನ ಸರದಿ. ಯುಗಾದಿಯಿಂದ ಕೇಳಿಸಿಕೊಂಡಿದ್ದನ್ನೆಲ್ಲ ಬಡ್ಡಿ ಸಮೇತ ತೀರಿಸಿದ. ಬುದ್ಧಿವಂತರ ಮನೆಯ ಹೆಣ್ಣು ಎಂದ. ಕಂಪ್ಯೂಟರ್ ಕೋರ್ಸು ಮಾಡಿದವಳು ಎಂದ. ರಾಹುವನ್ನು ನಂಬದಿದ್ದರೂ ಪರವಾಗಿಲ್ಲ, ಗಂಡನಿಗೆ ಒಂದು ಮಾತು ಹೇಳಬಹುದಿತ್ತು ಎಂದ. ಕೊನೆಗೆ ಗುರುರಾಜನೇ ಅಡ್ಡಬಂದ.

ಗುರುರಾಜ್: ಸಾರ್, ಆಮೇಲೆ ಜಗಳ ಆಡಿ, ಸೌಂಡ್ ಜಾಸ್ತಿ ಆಗ್ತಿದೆ. ನಿಮ್ಮ ಡೇಟಾ ಬಹಳ ಇಲ್ಲ. ಮದ್ವೇಲಿ ಒಂದು ಭಾಗ ಅಳಿಸಿದ್ರೂ ಸಾಕು. ಯಾವ್ದು ಅಂತ ಹೇಳಿ.

ಶೈಲಜಾ ಪರದೆಗೆ ಬಗ್ಗಿದಳು. ಅರಿಶಿನ ಶಾಸ್ತ್ರದಲ್ಲಿ ಅವ್ವ ಹಾಡಿದ್ದಾಳೆ, ಅದನ್ನು ಅಳಿಸುವ ಮಾತೇ ಇಲ್ಲ. ಅಕ್ಷತೆ ಅಳಿಸಿದರೆ ಮದುವೆಯೇ ಆಗಲಿಲ್ಲ ಅಂದಂತೆ. ಊಟದ ಪಂಕ್ತಿಯಲ್ಲಿ ಬೀಗರೆಲ್ಲ ಇದ್ದಾರೆ, ಗೊತ್ತಾದರೆ ತಂಗಿಯ ಗತಿಯೇನು? ಉಳಿದದ್ದು ‘ಭಾವನವರ ಭಾಷಣ’ ಒಂದೇ.

ಮುರಿಗೆಪ್ಪ: ಅದು ಬೇಡ. ಮಠದ ಸ್ವಾಮಿಗಳೇ ತಲೆದೂಗಿದ್ದ ಭಾಷಣ ಅದು.

ಶೈಲಜಾ: ನಿದ್ದೆ ತಡೀಲಾರ್ದೆ ತೂಗಿದ್ದು ರೀ. ಗುರುರಾಜ್, ಅದೇನಾ ಅಂತ ಒಂದ್ಸಲ ಹಾಕಿ ನೋಡಿ.

ಗುರುರಾಜ ಒತ್ತಿದ. ಜರಿ ಪೇಟ ಸುತ್ತಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದ ಮುರಿಗೆಪ್ಪ ಪರದೆಯ ಮೇಲೆ ಬಂದ. ಇಡೀ ಅಂಗಡಿಗೆ ಕೇಳುವ ಹಾಗೆ ಹೊಸ ದಂಪತಿಗಳಿಗೆ ಬುದ್ಧಿ ಹೇಳಿದ:

‘ಮಾಡಬೇಕಾದ ಒಳ್ಳೆ ಕೆಲಸವನ್ನ ನಾಳೆಗೆ ಅಂತ ಇಡಬಾರದು. ಇಂದೇ ಮಾಡಬೇಕು. ನಮ್ಮ ಮನೇಲಿ ನಾನು ಪಾಲಿಸಿಕೊಂಡು ಬಂದಿರೋದು ಇದನ್ನೇ.’

ಗುರುರಾಜ ಟೇಬಲ್ಲಿನ ಕೆಳಗೆ ಏನೋ ಬೀಳಿಸಿಕೊಂಡವನ ಹಾಗೆ ಬಗ್ಗಿದ. ಅವನ ಹೆಗಲು ಕುಲುಕುತ್ತಿತ್ತು. ಮುರಿಗೆಪ್ಪ ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡತೊಡಗಿದ.

ಮುರಿಗೆಪ್ಪ: ಅಳಿಸೋದೇ ಆದ್ರೆ ಹನ್ನೆರಡು ಗಂಟೆ ಮೇಲೆ...

ಅಷ್ಟರಲ್ಲಿ ಶೈಲಜಾಳ ಬೆರಳು ಒತ್ತಿಯಾಗಿತ್ತು. ಊರವರ ಕಣ್ಣುಗಳೆಲ್ಲ ಒಂದೊಂದಾಗಿ ಕಟಕಟದ ಡಬ್ಬಿಯಿಂದ ವಿಭೂತಿಯ ಡಿಸ್ಕಿಗೆ ದಾಟಿದವು. ಗುರುರಾಜ ತನ್ನ ಫೋನಿನ ಒಂದು ಸಿನಿಮಾ ಅಳಿಸಿ ಅದಕ್ಕೂ ಒಂದು ಪ್ರತಿ ಹಾಕಿಕೊಂಡ. ಈ ಅಂಗಡಿಯ ಗೂಡನ್ನು ನಂಬುವ ಕಾಲ ಮುಗಿಯಿತು ಎಂದು ಅವನೂ ತೀರ್ಮಾನಿಸಿದಂತಿತ್ತು. ಎಲ್ಲ ಮುಗಿದು ಚಿಕ್ಕಬೈರಪ್ಪನ ಹೆಸರು, ಪವರು ಕಣ್ಣಿಗೆ ಬಿದ್ದಾಗ ಶೈಲಜಾ ಉಸಿರು ಬಿಟ್ಟಳು. ಹಳೇ ಕಂಪ್ಯೂಟರು ಆಮೇಲೆ ಒಂದು ಸಲ ಟಕ್ ಅಂದು ಆರಿಹೋಯಿತು. ಹನ್ನೆರಡಕ್ಕೆ ಇನ್ನೂ ಹೊತ್ತಿತ್ತು.

ಮುರಿಗೆಪ್ಪ ಗಡಿಯಾರದ ಕಡೆ ನೋಡಲಿಲ್ಲ. ಖಾಲಿಯಾದ ದೇವರ ಗೂಡಿನ ಧೂಳು ಒರೆಸಿದ, ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. ಕೊನೆಗೆ ತಡೆಯಲಾರದೆ ಕೇಳಿದ.

ಮುರಿಗೆಪ್ಪ: ಶೈಲಾ, ಆ ಭಾಷಣದ್ದು ಇನ್ನೊಂದು ಕಾಪಿ ಎಲ್ಲಾದ್ರೂ ಇಟ್ಟಿದೀಯಾ?

ಶೈಲಜಾ: ಇಡ್ಬೇಕು ಅಂತಾನೇ ಇದ್ದೆ ರೀ. ಒಳ್ಳೇ ದಿನ ಸಿಗ್ಲಿಲ್ಲ.